ಬಚ್ಚಲೊಲೆಯ ಅಟ್ಟದ ಮೇಲಿನ ದಾಕು

ಗಿಡ್ಡಮ್ಮನಿಗೆ ಸಿಟ್ಟು ಬಂದರೆ ಬಾಳೂರಿನ ಮೇಲಿನ ಆ ಎಸ್ಟೇಟಿನಲ್ಲಿ ಮೇಸ್ತ್ರಿಯೂ ದಾರಿ ಬಿಟ್ಟು ನಿಲ್ಲುತ್ತಿದ್ದ. ಸಿಟ್ಟು ಬರದ ದಿನಗಳೂ ಕಡಿಮೆಯೇ. ಏಳನೆಯ ವಯಸ್ಸಿನಲ್ಲಿ ಸಿಡುಬು ಎದ್ದು ಅವಳ ಮುಖವೆಲ್ಲ ಕುಳಿಬಿದ್ದಿತ್ತು, ಎಡಗಣ್ಣು ಹೋಗಿತ್ತು. ಒಮ್ಮೆ ಎದ್ದವರಿಗೆ ಮತ್ತೆ ಏಳುವುದಿಲ್ಲವಲ್ಲ, ಹಾಗಾಗಿ ಕೂಲಿಯವರ ಸಾಲುಮನೆಗಳ ಲೈನಿನಲ್ಲಿ ಯಾರಿಗೆ ಅಮ್ಮ ಬಂದರೂ ಮನೆಯವರು ಹೊರಗೆ, ಗಿಡ್ಡಮ್ಮ ಒಳಗೆ. ಬಾಳೆಲೆ ಹಾಸಿ ಮಲಗಿಸುವುದು, ಗಂಜಿ ಕುಡಿಸುವುದು, ಕೊನೆಗೆ ಕಣ್ಣು ಮುಚ್ಚಿಸುವುದು, ಎಲ್ಲ ಅವಳದೇ ಕೆಲಸ.

ಅಷ್ಟು ಹತ್ತಿರದಿಂದ ಕಂಡದ್ದರಿಂದಲೇ ಅವಳಿಗೆ ಒಂದು ವಿಷಯ ಗೊತ್ತಿತ್ತು. ಹಿಂದೆ ಯಾವಾಗಲೋ ಸಿಡುಬು ತಡೆಯುವ ದಾಕು ಹಾಕಿಸಿಕೊಂಡು ತೋಳಿನ ಮೇಲೆ ರೂಪಾಯಿಯಗಲ ಕಲೆ ಉಳಿದವರ ಮನೆಯಲ್ಲಿ ಅವಳು ಎಂದೂ ಬಾಳೆಲೆ ಹಾಸಿರಲಿಲ್ಲ.

ಆದ್ದರಿಂದ ಮೂವತ್ತಾರನೆಯ ಇಸವಿಯ ಭಾದ್ರಪದದಲ್ಲಿ ಮೂಡಿಗೆರೆಯಿಂದ ದಾಕು ಬರುತ್ತದೆ ಎಂದಾಗ ಲೈನಿನವರನ್ನು ಒಪ್ಪಿಸಲು ನಿಂತವಳು ಅವಳೇ. ದಾಕಿನಿಂದಲೇ ಅಮ್ಮ ಬರುತ್ತಾಳೆ ಎಂದವರಿಗೆ ತನ್ನ ಮುಖ ತೋರಿಸಿ, "ಅದು ಬೇಕೋ ಇದು ಬೇಕೋ?" ಎಂದು ಗದರಿದಳು. ಜ್ವರ ಬಂದು ಮಲಗಿದರೆ ಕೂಲಿ ಹೋಗುತ್ತದಲ್ಲ ಎಂದವರ ಪರವಾಗಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಸಿದ್ದಬಸಪ್ಪನ ಜೊತೆ ಜಗಳಕ್ಕೆ ಬಿದ್ದು, ಒಂದು ದಿನದ ಕೂಲಿ ಕೊಡಲು ಒಪ್ಪಿಸಿಕೊಂಡು ಬಂದಳು.

ದಾಕಿನ ಪೆಟ್ಟಿಗೆ ಟಪಾಲಿನವನ ತಲೆಯ ಮೇಲೆ ಬಂತು. ಅದನ್ನು ಹಾಕುವ ತಮ್ಮಯ್ಯ ಬರಲಿಲ್ಲ. ಅಷ್ಟರಲ್ಲಿ ಹಳ್ಳ ತುಂಬಿ ದಾಟುವ ಸಂಕ ಕೊಚ್ಚಿಹೋಗಿತ್ತು, ಅವನು ಆಚೆ ದಡದಲ್ಲೇ ಹತ್ತು ದಿನ ಉಳಿದ. ರೈಟರು ಪೆಟ್ಟಿಗೆಯನ್ನು ತನ್ನ ಬಚ್ಚಲೊಲೆಗೆ ಸೌದೆ ಒಟ್ಟುವ ಗಿಡ್ಡಮ್ಮನ ಕೈಗಿಟ್ಟು, "ಜೋಪಾನ ಮಾಡು, ಹಾಳಾದ್ರೆ ನೀನೇ ಹೊಣೆ" ಎಂದ. ಪೆಟ್ಟಿಗೆಯ ಮೇಲೆ ಒಂದು ಚೀಟಿ ಅಂಟಿಸಿತ್ತು. ಗಿಡ್ಡಮ್ಮನಿಗೆ ಓದು ಬಾರದು. ರೈಟರಿಗೆ ಬರುತ್ತಿತ್ತು.

ಆ ಮಳೆಯಲ್ಲಿ ಜೋಪಾನ ಎಂದರೆ ಏನು? ಉಪ್ಪು ನೀರಾಗುತ್ತದೆ, ಬೆಂಕಿಪೊಟ್ಟಣ ಹೊತ್ತುವುದಿಲ್ಲ, ಬೀಜ ಬೂಸಲು ಹಿಡಿಯುತ್ತದೆ. ಅದಕ್ಕೇ ಹಾಳಾಗಬಾರದ್ದನ್ನೆಲ್ಲ ಹಗಲೂ ರಾತ್ರಿ ಉರಿಯುವ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿಡುತ್ತಿದ್ದರು. ಗಿಡ್ಡಮ್ಮ ದಾಕಿನ ಪೆಟ್ಟಿಗೆಯನ್ನೂ ಸೌತೆ ಬೀಜದ ಕುಡಿಕೆಯ ಪಕ್ಕದಲ್ಲಿಟ್ಟಳು. ದಿನಕ್ಕೆರಡು ಸಲ ಮುಟ್ಟಿ ನೋಡಿ, ತೇವ ತಾಗಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದಳು.

ತಮ್ಮಯ್ಯ ಕಾಲಿನ ತುಂಬ ಜಿಗಣೆ ಕಚ್ಚಿಸಿಕೊಂಡು ಬಂದ. ಪೆಟ್ಟಿಗೆಯನ್ನು ಕೈಗೆ ತಗೊಂಡವನು, "ಬೆಚ್ಚಗಿದೆಯಲ್ಲಮ್ಮಾ" ಎಂದ.

"ಮತ್ತೆ? ನಾನು ಇಟ್ಟಿದ್ದಲ್ವಾ!" ಎಂದು ಗಿಡ್ಡಮ್ಮ ಹೆಮ್ಮೆಯಿಂದ ನಕ್ಕಳು.

ತಮ್ಮಯ್ಯ ಸ್ವಲ್ಪ ಹೊತ್ತು ಪೆಟ್ಟಿಗೆಯನ್ನೇ ನೋಡಿದ. ಆಮೇಲೆ ನಲವತ್ತೆರಡು ತೋಳುಗಳನ್ನು ಗೀರಿ ದಾಕು ಹಚ್ಚಿ, ಪುಸ್ತಕದಲ್ಲಿ ಬರೆದುಕೊಂಡು ಹೋದ. ಎಂಟನೆಯ ದಿನ ಬಂದು ಗುಳ್ಳೆ ಎದ್ದು ದಾಕು ಹತ್ತಿದೆಯೋ ಇಲ್ಲವೋ ನೋಡಬೇಕಾದವನು ಅತ್ತ ತಲೆ ಹಾಕಲಿಲ್ಲ. ಯಾರಿಗೂ ಗುಳ್ಳೆ ಏಳಲಿಲ್ಲ, ಜ್ವರವೂ ಬರಲಿಲ್ಲ. ಒಳ್ಳೆಯ ದಾಕು ಎಂದು ಜನ ಹೊಗಳಿದರು. ಗಿಡ್ಡಮ್ಮನಿಗೆ ಮಾತ್ರ ಸಮಾಧಾನವಾಗಲಿಲ್ಲ. ಕೇಳಲು ಹೋದರೆ ರೈಟರು, "ಎಲ್ಲರಿಗೂ ಹತ್ತಿದೆ ಅಂತ ಪುಸ್ತಕದಲ್ಲಿದೆ, ಹೋಗೇ" ಎಂದು ಅಟ್ಟಿದ.

ಫಾಲ್ಗುಣದಲ್ಲಿ ಸಿಡುಬು ಬಂತು. ದಾಕು ಹಾಕಿಸಿಕೊಂಡವರಲ್ಲೇ ಹನ್ನೊಂದು ಜನ ಮಲಗಿದರು, ನಾಲ್ವರು ಸತ್ತರು. ನಾಲ್ಕನೆಯವಳು ಗಿಡ್ಡಮ್ಮನ ಮಗಳು ಮುತ್ತಮ್ಮನ ಹಿರಿಮಗಳು, ಆರು ವರ್ಷದ ದೇವೀರಿ. ಅವಳಿಗೂ ಅಜ್ಜಿಯೇ ಬಾಳೆಲೆ ಹಾಸಿದಳು, ಅಜ್ಜಿಯೇ ಕಣ್ಣು ಮುಚ್ಚಿಸಿದಳು. ಲೈನಿನವರು ಅವಳನ್ನು ಕಂಡರೆ ಉಗಿಯತೊಡಗಿದರು. "ನಿನ್ನ ಮಾತು ಕೇಳಿ ತೋಳು ಕೊಟ್ವಲ್ಲೇ!"

ಗಿಡ್ಡಮ್ಮ ಉಗುಳು ಒರೆಸಿಕೊಂಡು ತೋಳು ನೋಡುತ್ತ ಹೋದಳು. ಮಲಗಿದ ಹನ್ನೊಂದು ಜನರ ತೋಳೂ ನುಣ್ಣಗಿತ್ತು. ಹಳೆಯ ಕಲೆಯಿದ್ದ ಏಳು ಜನ ರೋಗಿಗಳ ಜೊತೆಯಲ್ಲೇ ಉಂಡು ಮಲಗಿದ್ದರೂ ಒಬ್ಬರಿಗೂ ತಾಗಿರಲಿಲ್ಲ. ದಾಕು ಸುಳ್ಳಲ್ಲ, ಹಾಕಿದ್ದೇ ಸುಳ್ಳು ಎಂದು ಅವಳಿಗೆ ಖಾತ್ರಿಯಾಯಿತು. ಯಾರದೋ ಕತ್ತು ಹಿಡಿಯಬೇಕಿತ್ತು. ಯಾರದೆಂದು ತಿಳಿಯಲಿಲ್ಲ.

ಹದಿನೈದು ದಿನಕ್ಕೆ ತಮ್ಮಯ್ಯ ಹೊಸ ದಾಕು ಹಿಡಿದು ಬಂದ. ಈ ಸಲ ಪೆಟ್ಟಿಗೆ ಒದ್ದೆಬಟ್ಟೆ ಸುತ್ತಿದ ಮಡಕೆಯೊಳಗಿತ್ತು. ರೈಟರ ಮನೆಯಂಗಳದಲ್ಲಿ ಅವನು ಅದಕ್ಕೆ ನೀರು ಚಿಮುಕಿಸುವುದನ್ನು ಕಂಡ ಗಿಡ್ಡಮ್ಮ, "ಅದ್ಯಾಕೆ ನೀರು?" ಎಂದು ಕೇಳಿದಳು.

"ತಂಪಿರಬೇಕಮ್ಮ. ಕಾವು ತಾಗಿದ್ರೆ ದಾಕು ಸತ್ತುಹೋಗುತ್ತೆ."

ಗಿಡ್ಡಮ್ಮ ತಿರುಗಿ ರೈಟರ ಬಚ್ಚಲ ಕಡೆ ನೋಡಿದಳು. ಬಚ್ಚಲ ಹೊಗೆ ಎಂದಿನಂತೆ ಮಾಡು ದಾಟಿ ಹೋಗುತ್ತಿತ್ತು. ಬೀಜದ ಕುಡಿಕೆ, ಪೆಟ್ಟಿಗೆ, ಮುಟ್ಟಿ ನೋಡಿದ ತನ್ನ ಕೈ, ಎಲ್ಲವೂ ಕಣ್ಣಿಗೆ ಕಟ್ಟಿದವು. ಆಮೇಲೆ ಆ ಮಾತೂ ನೆನಪಾಯಿತು, ಬೆಚ್ಚಗಿದೆಯಲ್ಲಮ್ಮಾ.

"ನಿಂಗೆ ಗೊತ್ತಿತ್ತು," ಎಂದಳು ತಮ್ಮಯ್ಯನಿಗೆ. "ಮುಟ್ಟಿದ ತಕ್ಷಣ ಗೊತ್ತಾಯ್ತು ನಿಂಗೆ. ಸತ್ತ ದಾಕು ಅಂತ ಗೊತ್ತಿದ್ದೂ ನನ್ನ ಮೊಮ್ಮಗಳ ತೋಳು ಗೀರಿದ್ಯಾ?"

ತಮ್ಮಯ್ಯ ನೆಲ ನೋಡುತ್ತ, "ವಾಪಸು ಕಳಿಸಿದ್ರೆ ಆ ಮಳೇಲಿ ಮತ್ತೆ ನಡ್ಕೊಂಡು ಬರಬೇಕಿತ್ತು" ಎಂದ. ಇಷ್ಟೇ. ನಾಲ್ಕು ಜೀವಕ್ಕೆ ಅವನ ಉತ್ತರ ಇಷ್ಟೇ.

ಗಿಡ್ಡಮ್ಮ ಜಗುಲಿಯಲ್ಲಿ ಕುಳಿತಿದ್ದ ಸಿದ್ದಬಸಪ್ಪನ ಕಡೆ ತಿರುಗಿದಳು. "ಆ ಚೀಟೀಲಿ ಏನು ಬರೆದಿತ್ತು ರೈಟರೇ?"

ತಮ್ಮಯ್ಯನೇ ಹೇಳಿದ, ತಂಪಾದ ಜಾಗದಲ್ಲಿಡಿ ಎಂದು. ರೈಟರು ಆಗ ದನಿ ತಗ್ಗಿಸಿ, "ಸುಮ್ನಿರು ಗಿಡ್ಡಮ್ಮ. ಇಟ್ಟವಳು ನೀನು. ಹೊರಗೆ ಬಂದ್ರೆ ನಿನ್ನ ಹೆಸರೇ ಬರೋದು. ಮಗಳಿಗೆ ಏನು ಹೇಳ್ತೀಯ?" ಎಂದ.

ಗಿಡ್ಡಮ್ಮ ಅವನ ಕಾಲ ಬಳಿ ಉಗಿದು ಲೈನಿಗೆ ನಡೆದಳು. ತಮ್ಮಯ್ಯ ಮಡಕೆ ಹೊತ್ತು ಅವಳ ಹಿಂದೆ ಹೋದ.

ಅಲ್ಲಿ ಒಬ್ಬರೂ ತೋಳು ಕೊಡಲು ತಯಾರಿರಲಿಲ್ಲ. ಮೇಸ್ತ್ರಿ ಕೂಗಿ ಸುಸ್ತಾಗಿದ್ದ. ಮುತ್ತಮ್ಮ ಎಂಟು ತಿಂಗಳ ಕೂಸನ್ನು ಸೆರಗಿನೊಳಗೆ ಅವಿತಿಟ್ಟುಕೊಂಡು ಬಾಗಿಲಲ್ಲಿ ಕುಳಿತಿದ್ದಳು. ಹೋದ ಸಲ ತೀರ ಎಳೆಯದೆಂದು ಅದಕ್ಕೆ ದಾಕು ಹಾಕಿಸಿರಲಿಲ್ಲ. ಮೂರನೆಯ ಮನೆಯಲ್ಲಿ ಇನ್ನೂ ಒಬ್ಬ ನರಳುತ್ತಿದ್ದ.

ಸುಮ್ಮನಿದ್ದರೆ ಈ ಕೂಸೂ ಹೋಗುತ್ತದೆ. ಹೇಳಿದರೆ ಮಗಳು ತನ್ನ ಕೈಬಿಟ್ಟು ಹೋಗುತ್ತಾಳೆ. ಗಿಡ್ಡಮ್ಮ ಅಂಗಳದ ನಡುವೆ ನಿಂತು ಗಂಟಲು ಹರಿಯುವಂತೆ ಕೂಗಿದಳು. "ದಾಕು ಸುಳ್ಳಲ್ಲ! ಅದನ್ನ ಒಲೆ ಮೇಲಿಟ್ಟು ಸಾಯಿಸಿದೋಳು ನಾನು. ಚೀಟಿ ಓದದೆ ಕೊಟ್ಟೋನು ರೈಟರು. ಸತ್ತಿದೆ ಅಂತ ಗೊತ್ತಿದ್ದೂ ಗೀರಿದೋನು ಇವನು, ಇಲ್ಲೇ ನಿಂತಿದಾನೆ ನೋಡಿ. ನಮ್ಮ ಮೂವರಿಗೂ ಉಗೀರಿ. ಉಗಿದು ತೋಳು ಕೊಡಿ!"

ಯಾರೂ ಉಗಿಯಲಿಲ್ಲ. ಎಲ್ಲರೂ ಮುತ್ತಮ್ಮನನ್ನು ನೋಡಿದರು. ಅವಳು ಎದ್ದು, ತಾಯಿಯನ್ನು ದಾಟಿ ತಮ್ಮಯ್ಯನ ಬಳಿ ಬಂದಳು.

"ಇದನ್ನ ಯಾರ ಕೈಗೆ ಕೊಟ್ಟಿದ್ರಿ?"

"ಯಾರ ಕೈಗೂ ಇಲ್ಲ ತಾಯಿ. ನಾನೇ ಹೊತ್ತು ತಂದೆ."

ಮುತ್ತಮ್ಮ ಮಡಕೆಯ ಮೇಲೆ ಅಂಗೈಯಿಟ್ಟು ತಣ್ಣಗಿರುವುದನ್ನು ನೋಡಿದ ಮೇಲೆಯೇ ಕೂಸಿನ ತೋಳು ಮುಂದೆ ಮಾಡಿದಳು. ಅವಳ ಹಿಂದೆ ಉಳಿದವರೂ ಬಂದರು.

ಎಂಟನೆಯ ದಿನ ಗಿಡ್ಡಮ್ಮ ತಮ್ಮಯ್ಯನನ್ನು ಮುಂದಿಟ್ಟುಕೊಂಡು ಮನೆಮನೆಗೆ ಹೋದಳು. ಎಲ್ಲ ತೋಳಿನಲ್ಲೂ ಗುಳ್ಳೆ ಎದ್ದಿತ್ತು. ಕಡೆಗೆ ಮಗಳ ಬಾಗಿಲಿಗೆ ಬಂದಳು. ಆ ಎಂಟು ದಿನ ಮುತ್ತಮ್ಮ ಅವಳೊಂದಿಗೆ ಒಂದು ಮಾತೂ ಆಡಿರಲಿಲ್ಲ. ಈಗ ಕೂಸಿನ ಅಂಗಿ ಸರಿಸಿದಳು. ಗುಳ್ಳೆ ದುಂಡಗೆ, ತುಂಬಿಕೊಂಡಿತ್ತು.

ಗಿಡ್ಡಮ್ಮ ಕೈ ಚಾಚಿದಳು.

"ಮುಟ್ಬೇಡ," ಎಂದಳು ಮುತ್ತಮ್ಮ. "ನೋಡು, ಅಷ್ಟೆ."

ಗಿಡ್ಡಮ್ಮ ಕೈ ಹಿಂದಕ್ಕೆ ಕಟ್ಟಿಕೊಂಡು, ಇದ್ದ ಒಂದು ಕಣ್ಣಿನಲ್ಲಿ ನೋಡಿದಳು.