ತನ್ನ ಕೂಲರ್ ಕಿತ್ತು ನಮ್ಮ ಕಾರ್ಡಿಗೆ

ಎರಡು ವರ್ಷದ ಹಿಂದೆ, ನನಗೆ ಆಗ ಅರವತ್ತೆಂಟು. ಚಾಮರಾಜನಗರದ ಕಂಪ್ಯೂಟರ್ ರಿಪೇರಿಯವನು ತಾನು ಕೆಲಸ ಮಾಡುತ್ತಿದ್ದ ಕಂಪ್ಯೂಟರನ್ನೇ ಬಿಚ್ಚಿ, ಅದರೊಳಗಿಂದ ಬಿಸಿ ಇಳಿಸುವ, ಇಟ್ಟಿಗೆಯಷ್ಟು ದೊಡ್ಡ ಫ್ಯಾನಿನ ಕೂಲರ್ ಕಿತ್ತು ತೆಗೆದ.

ನಮ್ಮದು ಗುಂಡ್ಲುಪೇಟೆ. ಸೊಸೆ ಊರವರ ಮದುವೆಗಳ ವಿಡಿಯೊ ಜೋಡಿಸಿಕೊಡುತ್ತಾಳೆ. ಅವಳು ಒಪ್ಪಿಕೊಂಡ ಮೊದಲ ವಿಡಿಯೊವನ್ನು ಮರುದಿನ ಬೀಗರೂಟದಲ್ಲಿ ತೋರಿಸಬೇಕಿತ್ತು. ತಪ್ಪಿದರೆ ಮತ್ತೆ ಯಾರೂ ಕರೆಯುವುದಿಲ್ಲ. ಅವಳ ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ಕೆಟ್ಟು, ಕಾರ್ಡ್ ಕಾದು, ಕಂಪ್ಯೂಟರ್ ಗಳಿಗೆಗೊಮ್ಮೆ ಆರುತ್ತಿತ್ತು. ಇಬ್ಬರೂ ಅದನ್ನು ಅವನ ಅಂಗಡಿಗೆ ಹೊತ್ತು ತಂದಿದ್ದೆವು. ಹೊಸ ಫ್ಯಾನ್ ಬರಲು ವಾರ ಬೇಕಂತೆ.

“ನಿನ್ ಮಿಸಿನ್ದೇ ಯಾಕ್ಲಾ ಕಿತ್ತೆ? ಬುದ್ದಿಗಿದ್ದಿ ಅದಾ?” ಎಂದೆ.

“ನಂದು ವಾರ ಮನಿಕೊಳ್ಲಿ ಬುಡವ್ವ. ಬೀಗ್ರೂಟ ಕಾಯ್ತದಾ?” ಎಂದ.

ಅವನ ಕೂಲರಿಗೂ ನಮ್ಮ ಕಾರ್ಡಿಗೂ ಸ್ಕ್ರೂ ಹಾಕುವ ತೂತಿಗೆ ತೂತು ಕೂಡಲಿಲ್ಲ. ಬಿಸಿ ಎಳೆಯುವ ಪೇಸ್ಟ್ ಬಳಿದು, ಕೂಲರನ್ನು ಕಾರ್ಡಿಗೆ ತಂತಿಯಲ್ಲಿ ಬಿಗಿದ. ಭಾರಕ್ಕೆ ಕಾರ್ಡ್ ಬಾಗದಿರಲೆಂದು ಕಂಪ್ಯೂಟರಿನ ಪೆಟ್ಟಿಗೆಯನ್ನು ಅಡ್ಡ ಮಲಗಿಸಿಯೇ ನಡೆಸಿ ಎಂದ. ಆ ರಾತ್ರಿ ವಿಡಿಯೊ ಮುಗಿಯುವವರೆಗೂ ಕಂಪ್ಯೂಟರ್ ಆರಲಿಲ್ಲ.

ಸೊಸೆಯ ಕಸುಬು ಇವತ್ತು ನಡೆಯುತ್ತಿದ್ದರೆ ಅದು ಅವನಿಂದ. ಉಪಕಾರದ ಮಾತು ನನಗೆ ಬರುವುದಿಲ್ಲ, ಅವತ್ತು ಬೈದೇ ಬಂದಿದ್ದೆ. ಮರುದಿನ ಬೆಳಗ್ಗೆ ಬಸ್ಸು ಹತ್ತಿ ಹೋಗಿ, ಬಿಚ್ಚಿ ಬಿದ್ದಿದ್ದ ಅವನ ಕಂಪ್ಯೂಟರಿನ ಪಕ್ಕದಲ್ಲಿ ಒಂದು ಚೀಲ ಸಣ್ಣ ಈರುಳ್ಳಿ ಇಟ್ಟು, “ಉಪ್ಸಾರಿಗೆ ಆಕ್ಕೊ” ಎಂದು ತಿರುಗಿ ಬಂದೆ.