ಹಾಳೆಯಲ್ಲಿ ಇಲ್ಲದ ಸೆಮಿಕೋಲನ್

ಸ್ನೇಹಿತರೇ, ಸೆಮಿಕೋಲನ್ ಎಲ್ಲಿ ಹಾಕಬೇಕು ಎಂದು ಇನ್ನು ಮೇಲೆ ದಯವಿಟ್ಟು ನನ್ನನ್ನು ಕೇಳಬೇಡಿ.

ಇವತ್ತು ಸಿ ಪ್ರೋಗ್ರಾಮಿಂಗ್ ಲ್ಯಾಬ್ ಇಂಟರ್ನಲ್ಸ್. ಇದರಲ್ಲಿ ಪಾಸಾಗದಿದ್ದರೆ ಸೆಮಿಸ್ಟರ್ ಪರೀಕ್ಷೆಗೆ ಕೂರಿಸುವುದಿಲ್ಲ. ನಮ್ಮಲ್ಲಿ ಪ್ರೋಗ್ರಾಮನ್ನು ಮೊದಲು ಪೆನ್ನಿನಲ್ಲಿ ಹಾಳೆಯ ಮೇಲೆ ಬರೆದು ಲ್ಯಾಬ್ ಮ್ಯಾಮ್ ಹತ್ತಿರ ಸಹಿ ಹಾಕಿಸಿಕೊಳ್ಳಬೇಕು. ಆಮೇಲೆ ಅದನ್ನೇ ಕಂಪ್ಯೂಟರಿನಲ್ಲಿ ಟೈಪ್ ಮಾಡಬೇಕು. ಮಾಡಿದೆ. ಒಂದು ಸಾಲಿನ ಕೊನೆಗೆ ಸೆಮಿಕೋಲನ್ ಇಲ್ಲವೆಂದು ಎರರ್ ಬಂತು.

“ಮ್ಯಾಮ್, ಒಂದೇ ಒಂದು ಸೆಮಿಕೋಲನ್ ಹಾಕ್ಕೊಳ್ಲಾ?”

“ಶೀಟಲ್ಲಿ ಇದ್ಯಾ?”

“ಇಲ್ಲ ಮ್ಯಾಮ್.”

“ಶೀಟಲ್ಲಿ ಇಲ್ದೇ ಇರೋದನ್ನ ಹಾಕಿದ್ರೆ ಮಾರ್ಕ್ಸ್ ಕಟ್.”

“ಹಾಕ್ದೇ ಇದ್ರೆ?”

“ಔಟ್‌ಪುಟ್ಟೇ ಬರಲ್ವಲ್ಲಪ್ಪಾ! ಆಗ್ಲೂ ಕಟ್.”

ಪಕ್ಕದಲ್ಲಿ ಕೂತಿದ್ದ ಶಿವಾಜಿನಗರದ ಇಮ್ರಾನ್ ನಗು ತಡೆಯಲಾರದೆ ಪಿಸುಗುಟ್ಟಿದ: “ಮಗಾ, ವಾಟ್ಸಾಪಲ್ಲೂ ಸೆಮಿಕೋಲನ್ ಹಾಕೋನು ನೀನೇ ಅಲ್ವಾ?”

ನಾನೇ. ಶಾಲೆಯ ಹಾಸ್ಟೆಲ್ಲಿನಲ್ಲಿ ಎಲ್ಲರ ಇಂಗ್ಲಿಷ್ ರಜಾ ಅರ್ಜಿಗಳನ್ನು ತಿದ್ದುತ್ತಿದ್ದವನೂ ನಾನೇ. ನನಗೆ ಚೆನ್ನಾಗಿ ಬರುತ್ತಿದ್ದದ್ದು ಅದೊಂದೇ. ಕೊನೆಗೆ ಕೈ ಕಟ್ಟಿಕೊಂಡು ಆ ಎರರನ್ನೇ ನೋಡುತ್ತ ಕೂತೆ. ಸಮಯ ಮುಗಿಯಿತು.

ಈಗ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಿದ್ದೇನೆ. ಅಮ್ಮನ ಮೆಸೇಜ್ ಬಂತು: “ಪಾಸಾಗ್ತೀಯ ಅಲ್ವಾ ಪುಟ್ಟಾ?”

ಬಹಳ ಹೊತ್ತು ಯೋಚಿಸಿ ಉತ್ತರಿಸಿದೆ: “ಎಕ್ಸಾಮ್ ಮುಗೀತಮ್ಮ; ಇನ್ನೂ ಬಸ್ ಬಂದಿಲ್ಲ.”

ಕಳಿಸಿದ ಮೇಲೆ ನೋಡಿದೆ. ಸೆಮಿಕೋಲನ್ ಸರಿಯಾದ ಜಾಗದಲ್ಲೇ ಇತ್ತು. ಇಲ್ಲಿ ಮಾತ್ರ ಯಾರೂ ಮಾರ್ಕ್ಸ್ ಕೊಡುವುದಿಲ್ಲ.