ಸೀನಾ ಆಂಟಿಯ ದನಿಯಲ್ಲಿ ನಾನು ಹೇಳಿದ ‘ಹೂಂ’

ಹೋದ ವರ್ಷದ ಏಪ್ರಿಲ್ ತಿಂಗಳು. ನಾನು ಆಸ್ಟಿನ್‌ನಲ್ಲಿ ಸಾರ್ವಜನಿಕ ಹಣಕಾಸು ಓದುತ್ತಿದ್ದೆ. ಯುಗಾದಿ ಊಟದಲ್ಲಿ ಇದನ್ನು ಹೇಳಿದರೆ ಅಂಕಲ್‌ಗಳು “ಓ, ಕೋಡಿಂಗ್ ಅಲ್ವಾ? ಪರ್ವಾಗಿಲ್ಲ ಬಿಡಪ್ಪ” ಎಂದು ಸಮಾಧಾನ ಮಾಡುತ್ತಿದ್ದರು. ಅವರು ಆಚೆ ಹೋದ ಮೇಲೆ ಅದೇ ದನಿಯಲ್ಲಿ ಅದನ್ನೇ ಹೇಳಿ ಪಕ್ಕದವರನ್ನು ನಗಿಸುವುದು ನನ್ನ ಚಾಳಿ. ಪ್ರೊಫೆಸರ್, ಮನೆ ಓನರ್, ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಲ್ಲಿ ನನ್ನ ಜೊತೆ ಮನೆ ಹಂಚಿಕೊಂಡಿದ್ದ ಹುಬ್ಬಳ್ಳಿಯ ಇಮ್ರಾನ್, ಯಾರನ್ನೂ ಬಿಟ್ಟವನಲ್ಲ. ಪರೀಕ್ಷೆಯ ಹಿಂದಿನ ದಿನ ಅಳುವ ನನ್ನ ದನಿಯನ್ನು ನಾನೇ ಬಹಳ ಚೆನ್ನಾಗಿ ಮಾಡುತ್ತೇನೆ.

ಆ ಸೆಮಿಸ್ಟರ್‌ನಲ್ಲಿ ನನಗೆ ಸಿಕ್ಕ ಪ್ರಾಜೆಕ್ಟು ಪೆಸಿಫಿಕ್ ಸಾಗರದ ಒಂದು ಪುಟ್ಟ ದ್ವೀಪದ ಆದಾಯ ಮತ್ತು ರಫ್ತು. ನಮ್ಮ ದಾವಣಗೆರೆಯ ಒಂದು ಬಡಾವಣೆಯಷ್ಟೂ ಜನ ಅಲ್ಲಿಲ್ಲ. ಅದನ್ನು ಆಳುವ ದೊಡ್ಡ ದೇಶದ ಅನುದಾನ, ಹೊರಗಿನ ಮೀನುಗಾರಿಕೆ ಹಡಗುಗಳು ಕಟ್ಟುವ ಲೈಸೆನ್ಸ್ ಶುಲ್ಕ, ಸಂಗ್ರಾಹಕರು ಕೊಳ್ಳುವ ಅಂಚೆಚೀಟಿ, ಇಷ್ಟೇ ಬೊಕ್ಕಸ. ತಮ್ಮದು ಎಂದು ಹೊರಗೆ ಕಳಿಸಲು ಇದ್ದದ್ದು ಜೇನುತುಪ್ಪ ಮಾತ್ರ. ಆ ವರ್ಷ ಜೇನು ಒಳ್ಳೆಯ ಬೆಲೆಗೆ ಹೋದರೆ ದ್ವೀಪದ ಏಕೈಕ ಆಸ್ಪತ್ರೆಗೆ ಹೊಸ ಜನರೇಟರ್ ಎಂದು ಬಜೆಟ್‌ನಲ್ಲೇ ಬರೆದುಕೊಂಡಿದ್ದರು.

ಗಿರಾಕಿ ಹುಡುಕಿಕೊಂಡು ದ್ವೀಪದ ಖಜಾಂಚಿಯೇ ಟೆಕ್ಸಾಸಿಗೆ ಬಂದರು. ಅರವತ್ತು ದಾಟಿದ ಹೆಂಗಸು, ಹೆಸರು ಸೀನಾ. “ನಮ್ ಕಡೆ ಸೀನ ಅಂದ್ರೆ ಮೀಸೆ ಇರುತ್ತೆ ಆಂಟಿ” ಎಂದು ಮೊದಲ ದಿನವೇ ಹೇಳಿದ್ದೆ. ಅವರನ್ನು ಊರೂರು ಸುತ್ತಿಸುವ ಡ್ರೈವರ್ ಕಮ್ ಸಹಾಯಕ ನಾನು. ಆಂಟಿಗೆ ಇಲ್ಲಿಯ ನಂಬರ್ ಇರಲಿಲ್ಲ. ಅವರ ಮಾತನ್ನು ನನ್ನ ಫೋನಿನಲ್ಲೇ ರೆಕಾರ್ಡ್ ಮಾಡಿ ಪ್ರಾಜೆಕ್ಟ್ ಗ್ರೂಪಿಗೆ ಹಾಕುತ್ತಿದ್ದೆವು. ಆ ಗ್ರೂಪಿನಲ್ಲಿ ಪ್ರೊಫೆಸರ್, ಜೇನು ಕೊಳ್ಳಲು ಮುಂದೆ ಬಂದಿದ್ದ, ಟೆಕ್ಸಾಸಿನದೇ ಊರಾದ ಲೂಯಿಸ್‌ವಿಲ್‌ನ ವ್ಯಾಪಾರಿ, ದ್ವೀಪದ ಸಭೆಯ ಹಿರಿಯರು, ಎಲ್ಲರೂ ಇದ್ದರು.

ಆಂಟಿಯದು ಒಂದು ಅಭ್ಯಾಸ. ಮುಖ್ಯವಾದ ಯಾವ ಪ್ರಶ್ನೆಗೂ ತಕ್ಷಣ ಉತ್ತರ ಕೊಡುವುದಿಲ್ಲ. ಎರಡೂ ಅಂಗೈ ಮಂಡಿಯ ಮೇಲಿಟ್ಟು ಅರ್ಧ ನಿಮಿಷ ಸುಮ್ಮನಿರುತ್ತಾರೆ. ತಟ್ಟನೆ ಉತ್ತರಿಸಿದರೆ ಕೇಳಿದವರನ್ನು ಹಗುರ ಮಾಡಿದಂತೆ ಎಂಬುದು ಅವರ ಊರಿನ ಪದ್ಧತಿ. ಅವರ ವಾಯ್ಸ್ ನೋಟುಗಳು ಶುರುವಾಗುತ್ತಿದ್ದದ್ದೇ ಅರ್ಧ ನಿಮಿಷದ ‘ಏನೂ ಇಲ್ಲ’ದಿಂದ. ನನ್ನಂಥ ಮಿಮಿಕ್ರಿಯವನಿಗೆ ಇದಕ್ಕಿಂತ ಹಬ್ಬ ಬೇಕೇ? ಆಂಟಿಯ ಮೌನವನ್ನೇ ನಟಿಸಿ ಇಮ್ರಾನನನ್ನು ಬಿದ್ದು ಬಿದ್ದು ನಗಿಸಿದ್ದೆ.

ಆ ಗುರುವಾರ ಬೆಳಿಗ್ಗೆ ಹ್ಯೂಸ್ಟನ್ ಬಿಟ್ಟು ಲೂಯಿಸ್‌ವಿಲ್‌ಗೆ ಹೊರಟೆವು. ಮೂರು ಗಂಟೆಗೆ ವ್ಯಾಪಾರಿಯ ಆಫೀಸಿನಲ್ಲಿ ಬೆಲೆ ಏರಿಸಲು ಕೊನೆಯ ಮಾತುಕತೆ. ಅವನು ಕೇಳುತ್ತಿದ್ದದ್ದು ಮೂರು ವರ್ಷದ ಅಷ್ಟೂ ಜೇನನ್ನು, ಅದೂ ಸಾಗಣೆ ಖರ್ಚು ಕಳೆದರೆ ಏನೂ ಉಳಿಯದ ಬೆಲೆಗೆ. ದ್ವೀಪದಲ್ಲಿ ಅಂದೇ ಹಡಗು ಬಂದಿತ್ತು. ಒಪ್ಪಿದರೆ ಡ್ರಮ್ಮುಗಳು ಅದರಲ್ಲೇ ಹೊರಡಬೇಕು. ಮುಂದಿನ ಹಡಗು ಆರು ವಾರದ ಮೇಲೆ.

ದಾರಿಯಲ್ಲಿ ಪೆಟ್ರೋಲ್ ಹಾಕಲು ನಿಂತೆ. ಆಂಟಿ ಕಾಫಿ ತರಲು ಒಳಗೆ ಹೋದರು. ಗ್ರೂಪಿನಲ್ಲಿ ವ್ಯಾಪಾರಿ, “ಏನು ತೀರ್ಮಾನ ಮಾಡಿದಿರಿ?” ಎಂದು ಕೇಳಿದ್ದ. ನನ್ನ ನಾಲಿಗೆ ತುರಿಸಿತು. ಇಮ್ರಾನನಿಗೆ ಕಳಿಸೋಣವೆಂದು ಆಂಟಿಯ ದನಿಯಲ್ಲಿ, “ಹೂಂ. ನಿಮ್ಮ ಬೆಲೆಗೆ ಒಪ್ಪಿದೆ. ಎಲ್ಲಾ ಡ್ರಮ್ಮೂ ನಿಮ್ಮದೇ” ಎಂದು ರೆಕಾರ್ಡ್ ಮಾಡಿದೆ. ಮೊದಲಿನ ಮೌನವನ್ನೂ ಹಾಕಿದರೆ ಇಮ್ರಾನ್ ಮುಂದಕ್ಕೆ ಓಡಿಸಿಬಿಡುತ್ತಾನೆಂದು ಅದನ್ನು ಬಿಟ್ಟೆ. ಕಳಿಸಿ, ಆಂಟಿ ಬಂದು ಕೂತು ಹತ್ತು ಮೈಲಿ ಹೋದ ಮೇಲೆ ಅವನಿಗೆ ಫೋನ್ ಮಾಡಿ, ಅವರಿಗೆ ತಿಳಿಯದ ಕನ್ನಡದಲ್ಲಿ ಕೇಳಿದೆ, “ಹೆಂಗಿತ್ತೋ?”

“ಏನಲೇ ಅದು? ನನಗೇನೂ ಬಂದಿಲ್ಲ. ಯಾವ ಗ್ರೂಪಿಗೆ ಒಗದೀ ನೋಡು ಮಗನ.”

ಕಾರನ್ನು ಪಕ್ಕಕ್ಕೆ ಹಾಕಿ ನೋಡಿದೆ. ಗ್ರೂಪಿಗೇ ಹಾಕಿದ್ದೆ. ಎಲ್ಲರೂ ಕೇಳಿಯಾಗಿತ್ತು. ವ್ಯಾಪಾರಿ ಆಗಲೇ ಬರೆದಿದ್ದ: “ಬಹಳ ಸಂತೋಷ. ದಯವಿಟ್ಟು ಇವತ್ತೇ ಲೋಡ್ ಮಾಡಿ.”

ಆಗಲೇ ಬಾಯಿಬಿಡಬೇಕಿತ್ತು. ಬಿಡಲಿಲ್ಲ. ಪ್ರೊಫೆಸರ್ ನನ್ನನ್ನು ಹೊರಗೆ ಹಾಕುತ್ತಾರೆ, ಫೀಸು ಕಟ್ಟುತ್ತಿದ್ದ ಅಸಿಸ್ಟೆಂಟ್‌ಶಿಪ್ ಹೋಗುತ್ತದೆ, ವೀಸಾ ಗತಿ ಏನು ಎಂದೆಲ್ಲ ಯೋಚಿಸುತ್ತ ಮತ್ತೆ ಇಪ್ಪತ್ತು ನಿಮಿಷ ಡ್ರೈವ್ ಮಾಡಿದೆ. ಬಾಯಲ್ಲಿ ಮಾತ್ರ “ಅಯ್ಯೋ ದೇವ್ರೇ, ಅಯ್ಯೋ ದೇವ್ರೇ” ಎಂದು ತಾನಾಗಿಯೇ ಬರುತ್ತಿತ್ತು. ಪಕ್ಕದಲ್ಲಿ ಆಂಟಿ ಆಸ್ಪತ್ರೆಯ ಬಗ್ಗೆ ಹೇಳುತ್ತಿದ್ದರು. ಹಳೇ ಜನರೇಟರ್ ನಿಂತಾಗ ನರ್ಸ್ ಒಬ್ಬಳು ಟಾರ್ಚ್ ಹಿಡಿದು ಹೆರಿಗೆ ಮಾಡಿಸಿದ ಕತೆ. ಅದಕ್ಕಿಂತ ಹೆಚ್ಚು ಕೇಳಲು ನನ್ನಿಂದ ಆಗಲಿಲ್ಲ. ಹೆದ್ದಾರಿಯ ಮುಂದಿನ ಎಕ್ಸಿಟ್ ತೆಗೆದುಕೊಂಡು ಒಂದು ಪಾರ್ಕಿಂಗ್‌ನಲ್ಲಿ ನಿಲ್ಲಿಸಿ ಎಲ್ಲ ಹೇಳಿಬಿಟ್ಟೆ.

ಆಂಟಿ ಅಂಗೈಗಳನ್ನು ಮಂಡಿಯ ಮೇಲಿಟ್ಟರು. ನಾನು ಹತ್ತಾರು ಸಲ ಅಣಕಿಸಿದ್ದ ಮೌನ ಅದು. ನಿಜವಾದದ್ದು ಎಷ್ಟು ಉದ್ದವಿರುತ್ತದೆಂದು ಅವತ್ತೇ ಗೊತ್ತಾದದ್ದು.

“ಕೇಳಿಸು” ಎಂದರು. ಕೇಳಿಸಿದೆ. “ಹಿರಿಯರಿಗೆ ಫೋನ್ ಮಾಡು.”

ಮೂರು ಸಲ ಲೈನ್ ಸಿಗಲಿಲ್ಲ. ನಾಲ್ಕನೆಯ ಸಲ ಸಿಕ್ಕಾಗ ಹಿಂದೆ ಸಮುದ್ರದ ಗಾಳಿ, ಹಡಗಿನ ಹಾರ್ನ್. ಅಲ್ಲಿ ಬೆಳಗಾಗಿತ್ತು. ನನಗೂ ತಿಳಿಯಲೆಂದು ಆಂಟಿ ಇಂಗ್ಲಿಷಿನಲ್ಲೇ ಹೇಳಿದರು, “ಆ ಮಾತು ನನ್ನದಲ್ಲ. ಲೋಡ್ ಮಾಡಬೇಡಿ.”

“ಒಪ್ಪಿದೆ ಅಂದದ್ದೂ ನಿನ್ನ ದನಿ, ಬೇಡ ಅನ್ನುತ್ತಿರುವುದೂ ನಿನ್ನ ದನಿ” ಎಂದರು ಹಿರಿಯರು. “ಯಾವುದನ್ನು ನಂಬಲಿ ಸೀನಾ?”

ಆಂಟಿ ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದರು. “ಮಾಡು.”

ಜೀವನದಲ್ಲಿ ಮೊದಲ ಸಲ ನನಗೆ ಮಿಮಿಕ್ರಿ ಬರಲಿಲ್ಲ. ನನ್ನದೇ ದನಿ ಬಂತು, ಅದೂ ಪರೀಕ್ಷೆಯ ಹಿಂದಿನ ದಿನದ್ದು. ಆಂಟಿ ಫೋನ್ ಸರಿಸಲಿಲ್ಲ. ಕಣ್ಣು ಮುಚ್ಚಿ ಎರಡನೆಯ ಸಲ ಹೇಳಿದೆ. “ಹೂಂ. ನಿಮ್ಮ ಬೆಲೆಗೆ ಒಪ್ಪಿದೆ.”

ಆ ಕಡೆಯೂ ಅದೇ ಮೌನ. ಇಡೀ ದ್ವೀಪಕ್ಕೇ ಆ ಅಭ್ಯಾಸ ಇರಬೇಕು. ಕೊನೆಗೆ ಹಿರಿಯರೆಂದರು, “ದನಿ ಅವಳದೇ. ಆದರೆ ಹುಡುಗಾ, ಮೂವತ್ತು ವರ್ಷದಲ್ಲಿ ಸೀನಾ ಬಾಯಿ ತೆರೆದ ಕೂಡಲೇ ಹೂಂ ಅಂದದ್ದು ನಾನು ಕೇಳಿಲ್ಲ. ಅವಳಿಗೆ ಏನೋ ಆಗಿದೆ ಎಂದು ಹೆದರಿ ಡ್ರಮ್ಮುಗಳನ್ನು ದಡದಲ್ಲೇ ಇರಿಸಿದ್ದೇನೆ.”

ನಾನು ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ಅತ್ತೆ. ಅದು ನಟನೆಯಲ್ಲ.

ಗ್ರೂಪಿನಲ್ಲಿ ತಪ್ಪೊಪ್ಪಿಕೊಂಡು, ಲೂಯಿಸ್‌ವಿಲ್‌ನಲ್ಲಿ ವ್ಯಾಪಾರಿಯ ಎದುರಿಗೂ ನಿಂತು ಹೇಳಿದೆ. “ಇಂಥವರ ಜೊತೆ ವ್ಯಾಪಾರ ಬೇಡ” ಎಂದು ಅವನು ಎದ್ದು ಹೋದ. ತಪ್ಪು ಅವನದಲ್ಲ. ಹಡಗು ಜೇನಿಲ್ಲದೆ ಹೊರಟಿತು. ಪ್ರೊಫೆಸರ್ ಅಸಿಸ್ಟೆಂಟ್‌ಶಿಪ್ ಉಳಿಸಿದರು, ಗ್ರೇಡ್ ಉಳಿಸಲಿಲ್ಲ. ಹ್ಯೂಸ್ಟನ್ನಿನ ಇನ್ನೊಬ್ಬ ಗಿರಾಕಿ ಒಳ್ಳೆಯ ಬೆಲೆ ಕೊಟ್ಟು ಅರ್ಧ ಜೇನು ಕೊಂಡ ನಿಜ. ಆದರೆ ಅದು ಹೋದದ್ದು ಮುಂದಿನ ಹಡಗಿನಲ್ಲಿ. ಆಸ್ಪತ್ರೆ ಅಷ್ಟು ದಿನ ಹಳೇ ಜನರೇಟರಿನಲ್ಲೇ ಕಳೆಯಿತು. ಅದು ನನ್ನಿಂದ ಆದದ್ದು.

ಡಿಸೆಂಬರ್‌ನಲ್ಲಿ ಆಂಟಿಯಿಂದ ಒಂದು ವಾಯ್ಸ್ ನೋಟು ಬಂತು. ಎಂದಿನಂತೆ ಮೊದಲ ಅರ್ಧ ನಿಮಿಷ ಮಾತಿಲ್ಲ. ಆದರೆ ಈ ಸಲ ಹಿಂದೆ ಏನೋ ಒಂದೇ ಸಮನೆ ಗುರ್ ಎನ್ನುತ್ತಿತ್ತು. ಅದು ಹೊಸ ಜನರೇಟರ್ ಎಂದು ತಿಳಿದು ನಾನು ಎದ್ದು ನಿಂತೆ. ಆಮೇಲೆ ಥೇಟ್ ನನ್ನದೇ ನಡುಗುವ ದನಿಯಲ್ಲಿ ಆಂಟಿ ಹೇಳಿದ್ದರು, “ಅಯ್ಯೋ ದೇವ್ರೇ, ಅಯ್ಯೋ ದೇವ್ರೇ.”

ಇಮ್ರಾನ್ ಎರಡು ಸಲ ಹಾಕಿಸಿಕೊಂಡು ಕೇಳಿದ. “ನಿನಕಿಂತ ಆಕಿನೇ ಚಲೋ ಮಾಡ್ತಾಳಲೇ” ಎಂದ.

ಅಣಕಿಸುವುದನ್ನು ನಾನು ಬಿಟ್ಟಿಲ್ಲ, ಬಿಡುವ ಜಾತಿಯೂ ನನ್ನದಲ್ಲ. ಆದರೆ ಆ ನೋಟನ್ನು ಅಳಿಸಿಲ್ಲ. ಈಗಲೂ ಒಮ್ಮೊಮ್ಮೆ ಹಾಕಿಕೊಂಡು ಮಾತು ಶುರುವಾಗುವ ಮೊದಲೇ ನಿಲ್ಲಿಸುತ್ತೇನೆ, ಆ ಗುರ್ ಸದ್ದಿನಲ್ಲೇ.